ತೆಂಗಿನೆಣ್ಣೆ ಹಚ್ಚಿದ ಛರ್ರಾಗಳು

ಹತ್ತು ಮೀಟರ್ ದೂರದ ಕಾಗದಕ್ಕೆ ಗುರಿಯಿಟ್ಟು ಅದರ ಪಕ್ಕದ ಕಾಗದಕ್ಕೆ ತೂತು ಮಾಡಿದವನು ನಮ್ಮ ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಮೂರೂ ಊರು ಸೇರಿ ನಾನೊಬ್ಬನೇ ಇರಬೇಕು. ಪಕ್ಕದವನು ಆ ತೂತನ್ನು ತನ್ನ ಲೆಕ್ಕಕ್ಕೆ ಹಾಕಿಕೊಳ್ಳಲು ನೋಡಿದ, ಯಾಕೆಂದರೆ ಅದು ಒಂಬತ್ತರ ಗೆರೆಯೊಳಗೆ ಬಿದ್ದಿತ್ತು. ನಾನು ಜಗಳ ತೆಗೆದೆ. ನನ್ನ ಜೀವನದ ಮೊದಲ ಒಂಬತ್ತು ಅದು, ಬೇರೆಯವರ ಕಾಗದದಲ್ಲಿದ್ದರೇನಾಯಿತು, ಬಿಟ್ಟುಕೊಡುವುದು ಹೇಗೆ?

ನಾನು ಮಕ್ತಲ್‌ನ ತಹಸೀಲ್ ಕಚೇರಿಯಲ್ಲಿ ಗುಮಾಸ್ತ. ಮನೆ ನಾರಾಯಣಪೇಟೆಯ ನೇಕಾರರ ಓಣಿಯಲ್ಲಿ. ದಿನಾ ಬಸ್ಸಿನಲ್ಲಿ ಹೋಗಿ ಬರುವುದು, ಕಡತ ಮುಚ್ಚುವುದು, ಕಡತ ತೆಗೆಯುವುದು. ಎರಡು ವರ್ಷದ ಹಿಂದೆ ಡಾಕ್ಟರು ಬಿ.ಪಿ. ನೋಡಿ, ‘ಏನಾದರೂ ಹವ್ಯಾಸ ಹಚ್ಚಿಕೊಳ್ಳಿ’ ಅಂದರು. ಬೆಳಿಗ್ಗೆ ಎದ್ದು ನಡೆದಾಡಿ ಎಂದು ಹೆಂಡತಿ ಹೇಳಿದಳು. ನಿಂತಲ್ಲೇ ನಿಂತು ಮಾಡಬಹುದಾದ ಆಟವೊಂದು ಸಿಕ್ಕರೆ ನಡೆಯುವುದೇಕೆ ಎಂದು ನಾನು ಹುಡುಕುತ್ತಿದ್ದೆ. ಅದೇ ಸಮಯಕ್ಕೆ ಮಕ್ತಲ್ ಮಾರುಕಟ್ಟೆಯ ಹಿಂದಿನ ಹಳೇ ಶೇಂಗಾ ಗೋದಾಮಿನಲ್ಲಿ ಒಬ್ಬ ನಿವೃತ್ತ ಹವಾಲ್ದಾರರು ಏರ್ ಪಿಸ್ತೂಲ್ ತರಬೇತಿ ಶುರು ಮಾಡಿದರು. ಎಲ್ಲರೂ ಅವರಿಗೆ ಉಸ್ತಾದ್ ಅನ್ನುತ್ತಿದ್ದರು, ನಾನೂ ಅಂದೆ.

ಅದು ಗಾಳಿಯ ಒತ್ತಡದಿಂದ ಹೊಡೆಯುವ ಪಿಸ್ತೂಲು. ಮದ್ದಿಲ್ಲ, ಹೊಗೆಯಿಲ್ಲ, ಲೈಸೆನ್ಸಿನ ತಾಪತ್ರಯವೂ ಇಲ್ಲ. ಅದರ ಗುಂಡಿಗೆ ಉಸ್ತಾದರು ಛರ್ರಾ ಅನ್ನುತ್ತಿದ್ದರು. ಜೋಳದ ಕಾಳಿಗಿಂತ ಒಂಚೂರು ದೊಡ್ಡದಾದ ಸೀಸದ ತುಣುಕು, ನಡು ಸಣ್ಣ, ಹಿಂಭಾಗ ಟೊಳ್ಳು. ಒಂದೊಂದೇ ಹಾಕಿ ಒಂದೊಂದೇ ಹೊಡೆಯಬೇಕು. ಕಾಗದದ ನಟ್ಟನಡುವೆ ಬಿದ್ದರೆ ಹತ್ತು, ಅಲ್ಲಿಂದ ಹೊರಕ್ಕೆ ಬಂದಂತೆ ಒಂಬತ್ತು, ಎಂಟು. ನಾನು ಸುಮಾರಾಗಿ ಏಳರಲ್ಲಿ ವಾಸವಾಗಿದ್ದೆ, ಹಬ್ಬಹರಿದಿನಕ್ಕೆ ಎಂಟಕ್ಕೆ ಹೋಗಿ ಬರುತ್ತಿದ್ದೆ.

ಒಂದು ಭಾನುವಾರ ಅಕ್ಕನನ್ನು ಕರೆದುಕೊಂಡು ಹೋದೆ. ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ನಮ್ಮ ಮನೆಯಿಂದ ಎರಡು ಬಾಗಿಲು ಆಚೆ ಅವಳ ಮನೆ. ಭಾವ ತೀರಿಕೊಂಡ ಮೇಲೆ ಮಗ್ಗವೇ ಅವಳ ಜೀವನ. ಸೀರೆಯ ಒಡಲಿಗೂ ಅಂಚಿಗೂ ಎಳೆ ಸೇರುವ ಕಡೆ ಅವಳ ಕೈಯಲ್ಲಿ ಗಂಟು ಕಾಣುವುದಿಲ್ಲ ಎಂದು ಓಣಿಯೇ ಹೇಳುತ್ತದೆ. ಅವಳನ್ನು ಕರೆದುಕೊಂಡು ಹೋದದ್ದು ನನ್ನ ಪ್ರತಾಪ ತೋರಿಸಲು. ನಾನು ಐದು ಹೊಡೆದು, ಬೆವರು ಒರೆಸಿಕೊಂಡು, ‘ನೋಡು, ಇದು ಸರಳಲ್ಲ’ ಅಂದೆ. ಉಸ್ತಾದರು ಸುಮ್ಮನೆ ಅವಳ ಕೈಗೂ ಪಿಸ್ತೂಲು ಕೊಟ್ಟರು. ಸೆರಗು ಸಿಕ್ಕಿಸಿಕೊಂಡು ನಿಂತಳು. ಎಂಟು, ಒಂಬತ್ತು, ಒಂಬತ್ತು, ಹತ್ತು.

ಉಸ್ತಾದರು ಕಾಗದ ನೋಡಿದರು, ಅವಳ ಕೈ ನೋಡಿದರು, ಆಮೇಲೆ ನನ್ನ ಕಡೆ ತಿರುಗಿ, ‘ಗುಮಾಸ್ತ ಸಾಬ್, ಆ ಮೂಲ್ಯಾಗ ಸ್ಟೂಲ್ ಐತಿ. ನೀವು ಸ್ವಲ್ಪ ಕೂಡ್ರಿ, ಅಕ್ಕಾರ ಹೊಡೀಲಿ’ ಅಂದರು. ನಾನು ಹೋಗಿ ಕೂತೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಅವಳು ತನ್ನ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ನೋಡುತ್ತಲೇ ಇದ್ದಳು. ಆಮೇಲೆ, ‘ತಮ್ಮ, ಪ್ರತಿ ಐತವಾರ ನಾನೂ ಬರ್ತೀನಿ’ ಅಂದಳು.

‘ಯಾಕ, ಮೆಡಲ್ ಬೇಕಾತೇನು?’ ಎಂದು ಚುಡಾಯಿಸಿದೆ.

‘ಮೆಡಲ್ ಒಯ್ದು ಏನ್ ಮಾಡ್ಲಿ. ಅವ್ವನ ಕೈ ನೆನಪೈತಿಲ್ಲ ನಿನಗ? ಮಗ್ಗದ ಮ್ಯಾಲ ಕೂತ್ರ ಕೈ ನಡಗೂದು ಜಲ್ದಿ ಗೊತ್ತಾಗಂಗಿಲ್ಲ, ರೂಢಿ ಮ್ಯಾಲ ಕೈ ಹೊಂಟಿರ್ತದ. ಈ ಕಾಗದ ನೋಡು, ಸುಳ್ಳ ಹೇಳಂಗಿಲ್ಲ. ವಾರಕ್ಕೊಮ್ಮೆ ಕೇಳ್ಕೊಂಡು ಬರ್ತೀನಿ, ನನ್ನ ಕೈ ಇನ್ನೂ ಐತೋ ಇಲ್ಲೋ ಅಂತ.’

ಅವ್ವನ ಕೈ ಮರೆಯುವಂಥದ್ದಲ್ಲ. ಐವತ್ತು ದಾಟುತ್ತಿದ್ದ ಹಾಗೆ ಬೆರಳು ಅದುರಲು ಶುರುವಾಯಿತು. ಲಾಳಿ ಎಸೆದರೆ ಎಳೆಯ ಮೇಲೆ ಬೀಳತೊಡಗಿತು, ಆದರೂ ಒಂದು ವರ್ಷ ಯಾರಿಗೂ ಹೇಳದೆ ನೇಯ್ದಳು. ಒಂದು ದಿನ, ನೂಲು ಕೊಟ್ಟು ನೇಯಿಸುವ ಸಾವಕಾರರು ಸೀರೆ ಬಿಡಿಸಿ ನೋಡಿ, ಮಡಚಿ, ಏನೂ ಅನ್ನದೆ ವಾಪಸ್ ಕಳಿಸಿದರು. ಅವತ್ತಿನಿಂದ ಅವಳು ಮಗ್ಗದ ಕೋಣೆಗೆ ಕಾಲಿಡಲಿಲ್ಲ. ಅಕ್ಕನಿಗೆ ಈಗ ಐವತ್ತೆರಡು. ಮೆಡಲು, ಸ್ಪರ್ಧೆ, ಇವೆಲ್ಲ ನನ್ನ ಬಾಯಿಯ ಮಾತುಗಳು. ಅವಳಿಗೆ ಬೇಕಾಗಿದ್ದದ್ದು ಆ ಕಾಗದದ ಉತ್ತರವೊಂದೇ.

ವಾರ ವಾರ ಉತ್ತರ ಬರುತ್ತಿತ್ತು. ಒಂಬತ್ತು, ಒಂಬತ್ತು, ಎಂಟು, ಹತ್ತು. ಹೊಡೆದ ಕಾಗದವನ್ನು ಮಡಚಿ ಬ್ಲೌಸಿನೊಳಗೆ ಸೇರಿಸಿಕೊಂಡು ಮನೆಗೆ ಒಯ್ಯುತ್ತಿದ್ದಳು. ನನ್ನದು ಮಾತ್ರ ಬೇಸಿಗೆ ಕಳೆಯುವ ಹೊತ್ತಿಗೆ ಏಳುಗಳು ಆರಾದವು, ಆರುಗಳು ಐದಾದವು. ಪಿಸ್ತೂಲಿನ ಹಿಡಿ ಬದಲಿಸಿದೆ. ಚಪ್ಪಲಿ ಬಿಟ್ಟು ಬೂಟು ಹಾಕಿದೆ. ಕಚೇರಿಯಲ್ಲಿ ಖಜಾನೆಯವರು ನನ್ನ ಸಹಿ ಹೊಂದುವುದಿಲ್ಲ ಎಂದು ಕಾಗದ ಹಿಂದಿರುಗಿಸಿದರು; ಆ ಸಿಟ್ಟಿಗೆ ಪೆನ್ನನ್ನೂ ಬದಲಿಸಿದೆ. ಹೆಂಡತಿ, ‘ಕುಣಿಯಾಕ ಬರದಾಕಿ ನೆಲ ಡೊಂಕು ಅಂದ್ಲಂತ’ ಎಂದು ರೊಟ್ಟಿ ತಟ್ಟುತ್ತ ಅಂದಳು. ರೊಟ್ಟಿ ತಟ್ಟುವಾಗ ಅವಳು ಯಾರಿಗೂ ಹೆದರುವುದಿಲ್ಲ.

ಅಂಥ ದಿನಗಳಲ್ಲೇ ಫೋನಿನಲ್ಲಿ ಆ ವಿಡಿಯೋ ಸಿಕ್ಕಿತು. ಹೊರದೇಶದ ಒಬ್ಬ ಬಿಳಿಗಡ್ಡದ ಮುದುಕ ಗುರಿ ಸ್ಪರ್ಧೆಗಾಗಿ ತನ್ನ ರಿವಾಲ್ವರಿನ ಕಾಡತೂಸುಗಳನ್ನು ತಾನೇ ಕೈಯಾರೆ ತುಂಬುತ್ತಿದ್ದ. ಹೊಡೆದು ಖಾಲಿಯಾದ ಹಿತ್ತಾಳೆಯ ಕೊಳವೆಗಳನ್ನು ತೊಳೆದು ಒರೆಸುತ್ತಿದ್ದ, ಮದ್ದು ತೂಗುತ್ತಿದ್ದ, ಮೇಲೆ ಗುಂಡು ಕೂರಿಸುತ್ತಿದ್ದ, ಒಂದಕ್ಕೂ ಇನ್ನೊಂದಕ್ಕೂ ಕೂದಲೆಳೆಯ ವ್ಯತ್ಯಾಸ ಇರದಂತೆ ಅಳೆದು ಸಾಲಾಗಿ ನಿಲ್ಲಿಸುತ್ತಿದ್ದ. ‘ಅಂಗಡಿಯ ಗುಂಡನ್ನು ನಂಬಿದವನು ಅಂಗಡಿಯವನ ಅದೃಷ್ಟದ ಮೇಲೆ ಹೊಡೆಯುತ್ತಾನೆ’ ಎಂಬರ್ಥದ ಏನನ್ನೋ ಹೇಳಿದ. ನನಗೆ ಮೈ ಜುಮ್ಮೆಂದಿತು. ತಪ್ಪು ನನ್ನದಲ್ಲ, ಗುಂಡಿನದು ಎಂದು ಇಷ್ಟು ಗೌರವದಿಂದ ಹೇಳಿದವರು ಅಲ್ಲಿಯ ತನಕ ಯಾರೂ ಇರಲಿಲ್ಲ.

ಮರುದಿನ ಉಸ್ತಾದರಿಗೆ ಹೇಳಿದೆ, ನಾವೂ ಕೈಯಾರೆ ತುಂಬಬೇಕು ಎಂದು.

‘ರಿವಾಲ್ವರ್ ಐತೇನ್ರಿ ನಿಮ್ಮ ಹತ್ರ?’ ಅಂದರು.

‘ಇಲ್ರಿ.’

‘ಲೈಸೆನ್ಸ್?’

‘ಇಲ್ರಿ.’

‘ಮತ್ತ ತುಂಬೂದೇನು, ಶೇಂಗಾ? ಮದ್ದಿನ ಮಾತು ಇನ್ನೊಮ್ಮೆ ಬಾಯಾಗ ಬಂದ್ರ ನಿಮ್ಮ ತಹಸೀಲ್‌ನವ್ರೇ ಬಂದು ನಿಮ್ಮ ಮ್ಯಾಲ ಪಂಚನಾಮಾ ಬರಕೋತಾರ. ಛರ್ರಾ ಬಿಡ್ರಿ ಸಾಬ್, ನಿಮ್ಮ ಕೈ ನೋಡ್ರಿ.’

ನಾನು ಕೈ ನೋಡಲಿಲ್ಲ. ಮದ್ದು ಬೇಡವೆಂದರೆ ಬೇಡ, ಛರ್ರಾ ಇದೆಯಲ್ಲ ಎಂದುಕೊಂಡೆ. ಅಕ್ಕಸಾಲಿಗರು ಬಳಸುವಂಥ ಪುಟ್ಟ ತಕ್ಕಡಿ ತರಿಸಿದೆ. ಡಬ್ಬಿಗಟ್ಟಲೆ ಛರ್ರಾ ತಂದು ಊಟದ ತಟ್ಟೆಯಲ್ಲಿ ಹರವಿ, ಭೂತಗನ್ನಡಿ ಹಿಡಿದು, ಅಂಚು ಮಡಚಿದ್ದನ್ನು, ತಲೆ ಚಪ್ಪಟೆಯಾದದ್ದನ್ನು ಬೇರೆ ಮಾಡಿದೆ. ಉಳಿದದ್ದನ್ನು ತೂಗಿದೆ. ತೂಕ ಹೊಂದಿದವು ಒಂದು ಡಬ್ಬಿಗೆ, ಹೆಚ್ಚಿನವು ಒಂದಕ್ಕೆ, ಕಡಿಮೆಯವು ಇನ್ನೊಂದಕ್ಕೆ. ಡಬ್ಬಿಗಳಿಗೆ ಚೀಟಿ ಅಂಟಿಸಿದೆ: ‘ಅವ್ವಲ್’, ‘ದುಯ್ಯಮ್’, ‘ಸುಮಾರು’. ನಿಜಾಮರ ಕಾಲದಲ್ಲಿ ಹೊಲದ ಮಣ್ಣಿಗೂ ಹೀಗೆ ಮೊದಲನೆಯದು, ಎರಡನೆಯದು ಎಂದು ದರ್ಜೆ ಬರೆದಿಟ್ಟ ಹಳೇ ದಾಖಲೆಗಳನ್ನು ಕಚೇರಿಯಲ್ಲಿ ನೋಡಿದ್ದೆ. ಕಡೆಗೂ ನನ್ನ ನೌಕರಿ ಯಾವುದೋ ಒಂದಕ್ಕೆ ಉಪಯೋಗವಾಯಿತು.

ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. ‘ಇಪ್ಪತ್ತ ವರ್ಷದಾಗ ಒಂದ್ ದಿನ ಅಕ್ಕಿ ಹಸನ ಮಾಡಿ ಕೊಡ್ಲಿಲ್ಲ, ಈಗ ಸೀಸ ಹಸನ ಮಾಡಾಕತ್ತಾರ. ಆ ತಟ್ಟಿ ಮತ್ತ ಅಡಿಗಿ ಮನಿಗೆ ತರಬ್ಯಾಡ್ರಿ.’ ಅದರಲ್ಲಿ ಅವಳು ಹೇಳಿದ್ದು ಸರಿ. ಸೀಸ ವಿಷ. ಆ ತಟ್ಟೆ ನನ್ನದೇ ಆಯಿತು.

ತೂಕವಾಯಿತು, ಇನ್ನು ಎಣ್ಣೆ. ವಿಡಿಯೋದ ಮುದುಕ ಛರ್ರಾಕ್ಕೂ ಒಂದು ಬಗೆಯ ಎಣ್ಣೆ ಸೋಕಿಸುವವರಿದ್ದಾರೆ ಎಂದು ಹೇಳಿ, ನೂರಕ್ಕೆ ಒಂದೇ ಹನಿ ಎಂದು ಬೆರಳೆತ್ತಿ ಎಚ್ಚರಿಸಿದ್ದ. ಆ ಎಣ್ಣೆ ನಮ್ಮಲ್ಲಿ ಸಿಗುವುದಿಲ್ಲ. ಆದರೆ ನಾನು ನೇಕಾರರ ಮನೆಯಲ್ಲಿ ಹುಟ್ಟಿದವನು. ಹಾಸು ಅನ್ನುವ ಮಗ್ಗದ ಉದ್ದೆಳೆಗಳಿಗೆ ಗಂಜಿ ಹಚ್ಚಿದ ಮೇಲೆ ಕುಂಚಕ್ಕೆ ತೆಂಗಿನೆಣ್ಣೆ ಸವರಿ ಎಳೆಯುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಎಣ್ಣೆ ಉಂಡ ಎಳೆ ಹಣಿಗೆಯ ಸಂದಿಯಲ್ಲಿ ಸಿಕ್ಕದೆ ಜಾರುತ್ತದೆ. ಸಾವಿರಾರು ಎಳೆಯನ್ನು ಜಾರಿಸುವ ಎಣ್ಣೆ ಒಂದು ಛರ್ರಾವನ್ನು ಜಾರಿಸಲಾರದೆ? ಇನ್ನು ಆ ಒಂದು ಹನಿಯ ಲೆಕ್ಕ. ಒಂದು ಹನಿ ಎಣ್ಣೆಯಲ್ಲಿ ನಮ್ಮ ಕಡೆ ಒಗ್ಗರಣೆ ಕೂಡ ಆಗುವುದಿಲ್ಲ. ನಾನು ಒಂದು ಚಮಚ ಹಾಕಿ, ಡಬ್ಬಿ ಅಲ್ಲಾಡಿಸಿ, ಎಲ್ಲ ಛರ್ರಾಗಳೂ ಮಿರಮಿರ ಮಿಂಚುವುದನ್ನು ನೋಡಿ ಸಂತೋಷಪಟ್ಟೆ.

ಪರೀಕ್ಷೆ ಮಾಡದೆ ಅಕ್ಕನಿಗೆ ಕೊಡುವಷ್ಟು ಬೇಜವಾಬ್ದಾರಿ ನನ್ನದಲ್ಲ. ದಸರೆಯ ನಂತರ ಒಂದು ಮಧ್ಯಾಹ್ನ ಗೋದಾಮಿನಲ್ಲಿ ಎಣ್ಣೆ ಹಚ್ಚಿದ್ದು ಇಪ್ಪತ್ತು, ಹಚ್ಚದ್ದು ಇಪ್ಪತ್ತು ಹೊಡೆದೆ. ತಗಡಿನ ಕೆಳಗೆ ಕಾದ ಬಿಸಿಲು. ಎಣ್ಣೆ ಹಚ್ಚಿದರೂ ಆರು, ಹಚ್ಚದಿದ್ದರೂ ಆರು. ಎಣ್ಣೆಯಿಂದ ಕೆಡುಕಿಲ್ಲ ಎಂಬುದು ಶಾಸ್ತ್ರೋಕ್ತವಾಗಿ ಸಿದ್ಧವಾಯಿತು. ನಾನು ಹೊಡೆದರೆ ಯಾವ ಛರ್ರಾದ ಗುಣವೂ ಯಾರಿಗೂ ತಿಳಿಯುವುದಿಲ್ಲ ಎಂಬ ಸಣ್ಣ ಸಂಗತಿ ನನಗೆ ಹೊಳೆಯಲಿಲ್ಲ.

ಪುಷ್ಯ ಮಾಸದಲ್ಲಿ ಗದ್ವಾಲಿನಲ್ಲಿ ಸುತ್ತಲಿನ ಜಿಲ್ಲೆಗಳ ಸ್ಪರ್ಧೆ ಇತ್ತು. ಉಸ್ತಾದರು ಹಿರಿಯ ಮಹಿಳೆಯರ ವಿಭಾಗದಲ್ಲಿ ಅಕ್ಕನ ಹೆಸರು ಕೊಟ್ಟರು. ಅವಳು ಮೊದಲು ಬೇಡ ಅಂದಳು, ಆಮೇಲೆ ಯೋಚಿಸಿ, ‘ಮಂದಿ ಮುಂದ, ಅಂಜಿಕ್ಯಾಗ, ಕೈ ಹ್ಯಾಂಗ ನಿಲ್ತೈತಿ ನೋಡಬೇಕು. ಅಲ್ಲಿ ನಿಂತ್ರ ಇನ್ನ ಹತ್ತ ವರ್ಷ ಚಿಂತಿಲ್ಲ’ ಅಂದಳು. ಮಗ್ಗದ ಮೇಲೆ ಆಗ ಹೊಸ ಹಾಸು ಏರಿತ್ತು, ರೇಷ್ಮೆಯದು. ಗದ್ವಾಲಿನಿಂದ ಬಂದ ಮೇಲೆ ಅದರ ಮುಖ್ಯ ಅಂಚಿಗೆ ಕೈ ಹಾಕುವುದೆಂದು ಇಟ್ಟುಕೊಂಡಿದ್ದಳು. ನಾನು ಅವಳ ಸ್ಪರ್ಧೆಗೆಂದೇ ಎತ್ತಿಟ್ಟಿದ್ದ ‘ಅವ್ವಲ್’ ಡಬ್ಬಿಯನ್ನು ಅರಿವೆಯಲ್ಲಿ ಸುತ್ತಿ ಹಾಲುಗೂಸಿನ ಹಾಗೆ ಎದೆಗೆ ಹಿಡಿದು ಒಯ್ದೆ.

ಬೆಳಿಗ್ಗೆ ಏಳೂವರೆಗೆ ಮೊದಲ ಸರದಿ. ಎರಡು ಹೊಳೆಗಳ ನಡುವಿನ ಊರು, ಪುಷ್ಯದ ಚಳಿ, ದೊಡ್ಡ ಸಭಾಂಗಣ, ಕಿಟಕಿಗಳೆಲ್ಲ ತೆರೆದಿದ್ದವು. ಅಕ್ಕ ಡಬ್ಬಿ ತೆರೆದು ಒಂದು ಛರ್ರಾ ಎತ್ತಿದಳು. ಅದರ ಜೊತೆ ಇನ್ನೆರಡು ಅಂಟಿಕೊಂಡು ಬಂದವು. ಅವಳು ಹಿಂದಕ್ಕೆ ತಿರುಗಿ, ‘ಇದೇನೋ ತಮ್ಮ, ಬೆಣ್ಣಿ ಹಚ್ಚಿದಂಗ ಬೆಳ್ಳಗೈತಿ?’ ಎಂದು ಪಿಸುಗುಟ್ಟಿದಳು.

ನಾನು ತಿಳಿದವನ ಮುಖ ಮಾಡಿ, ‘ಅದು ಹಂಗ ಇರಬೇಕು. ನೀ ಹೊಡಿ’ ಅಂದೆ.

ಅವಳು ನಂಬಿದಳು. ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವನು ನಾನೊಬ್ಬನೇ ಅಲ್ಲವೆ, ನಂಬದೆ ಏನು ಮಾಡಿಯಾಳು.

ಮೊದಲನೆಯದು ಏಳು. ಎರಡನೆಯದು ಆರು, ಕೆಳಗೆ. ಮೂರನೆಯದು ಅದಕ್ಕೂ ಕೆಳಗೆ. ಉಸ್ತಾದರು ಹುಬ್ಬು ಗಂಟಿಕ್ಕಿದರು. ಅಧಿಕಾರಿಯ ಅನುಮತಿ ಕೇಳಿ ಪಿಸ್ತೂಲಿನ ಗಾಳಿಯ ಮೀಟರ್ ನೋಡಿಸಿದರು, ಗಾಳಿ ತುಂಬಿತ್ತು. ಅಕ್ಕ ಕೈ ಇಳಿಸಿದಳು, ಉಸಿರು ತೆಗೆದುಕೊಂಡಳು, ಬೆರಳು ಬಿಚ್ಚಿ ಮಡಚಿದಳು, ಮತ್ತೆ ಹೊಡೆದಳು. ಐದು. ಆಮೇಲೆ ಪ್ರತಿ ಸಲ ಹೊಡೆಯುವ ಮೊದಲು ಗುರಿಯನ್ನಲ್ಲ, ತನ್ನ ಕೈಯನ್ನೇ ನೋಡತೊಡಗಿದಳು. ಹಾಗೆ ನೋಡಿದರೆ ಯಾರ ಕೈಯೂ ನಡುಗುತ್ತದೆ. ನಲವತ್ತು ಹೊಡೆಯಬೇಕಿತ್ತು. ಕೊನೆಗೆ ಅಧಿಕಾರಿ ಬಂದು ಮೆಲ್ಲಗೆ, ‘ಅಮ್ಮಾ, ಟೈಮ್ ಅಯಿಪೋಯಿಂದಿ’ ಎಂದು, ಸಮಯ ಮುಗಿಯಿತೆಂದು, ತೆಲುಗಿನಲ್ಲಿ ಹೇಳಿದರು. ಮೂರು ಛರ್ರಾ ಹಾಗೇ ಉಳಿದಿದ್ದವು.

ವಾಪಸ್ ಬಸ್ಸಿನಲ್ಲಿ ಉಸ್ತಾದರು ಚಳಿ, ಅಂಜಿಕೆ, ಹೊಸ ಜಾಗ ಎಂದು ಮೂರು ಕಾರಣ ಕೊಟ್ಟರು. ಅವಳು ಮೂರಕ್ಕೂ ತಲೆಯಾಡಿಸಿ ಕಿಟಕಿಯ ಹೊರಗೆ ನೋಡಿದಳು.

ಮರುದಿನ ಸೋಮವಾರ ಸಂಜೆ ಪಿಸ್ತೂಲು ಒರೆಸುವ ಕೆಲಸ ನನಗೆ ಬಿತ್ತು, ಆ ಕೆಲಸಕ್ಕೆ ನಾನು ಸಾಕು ಎಂದು ಉಸ್ತಾದರ ಅಭಿಪ್ರಾಯ. ಹತ್ತಿಯ ಬಿಲ್ಲೆಯನ್ನು ನಳಿಗೆಯೊಳಗೆ ತಳ್ಳಿದೆ. ಆ ಕಡೆಯಿಂದ ಬಿಳಿ ಜಿಡ್ಡಿನ ಉಂಡೆ ಬಂತು. ಮೂಗಿಗೆ ಹಿಡಿದೆ. ತೆಂಗಿನೆಣ್ಣೆ. ಚಳಿಗೆ ಹೆಪ್ಪುಗಟ್ಟಿ, ನಳಿಗೆಯ ತುಂಬ ಮೆತ್ತಿಕೊಂಡು, ಹಿಂದೆ ಬಂದ ಛರ್ರಾಗಳನ್ನೆಲ್ಲ ಹಿಡಿದು ನಿಧಾನ ಮಾಡಿತ್ತು. ಚಳಿಗಾಲದಲ್ಲಿ ತೆಂಗಿನೆಣ್ಣೆ ಹೆಪ್ಪುಗಟ್ಟುತ್ತದೆ ಎಂದು ತಲೆಗೆ ಎಣ್ಣೆ ಹಚ್ಚಿಕೊಂಡ ಎಳೆಗೂಸಿಗೂ ಗೊತ್ತು. ಬಾಟಲಿಯನ್ನು ಬಿಸಿಲಿಗಿಟ್ಟು ಕರಗಿಸಿಕೊಳ್ಳುವ ಮನೆಯಲ್ಲೇ ನಾನು ಐವತ್ತರ ಹತ್ತಿರ ಬಂದಿದ್ದೇನೆ.

ಅಲ್ಲಿಂದ ನೇರ ಅಕ್ಕನ ಮನೆಗೆ ಹೋಗಬೇಕಿತ್ತು. ಹೋಗಲಿಲ್ಲ. ಬಿಲ್ಲೆಯನ್ನು ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡೆ. ನಾಳೆ ಹೇಳೋಣ ಎಂದುಕೊಂಡೆ. ಆರು ತಿಂಗಳಿಂದ ತೂಕದ ಬಗ್ಗೆ ಭಾಷಣ ಬಿಗಿದಿದ್ದೆ, ಉಸ್ತಾದರಿಗೂ ಪಾಠ ಹೇಳಿದ್ದೆ, ‘ಅವ್ವಲ್’ ಎಂದು ಚೀಟಿ ಬರೆದಿದ್ದೆ. ಈಗ ಯಾವ ಮುಖದಿಂದ ಹೇಳಲಿ? ಒಂದು ಸ್ಪರ್ಧೆ ತಾನೆ, ಮುಂದಿನ ಭಾನುವಾರ ಒಳ್ಳೆಯ ಛರ್ರಾ ಕೊಟ್ಟರೆ ತಾನಾಗಿ ಸರಿಹೋಗುತ್ತದೆ ಎಂದು ಸಮಾಧಾನ ಮಾಡಿಕೊಂಡೆ. ಥೂ, ಇವತ್ತಿಗೂ ನೆನೆದರೆ ನನ್ನ ಮೇಲೆ ನನಗೇ ಹೇಸಿಗೆ ಬರುತ್ತದೆ.

ಗುರುವಾರ ಅವಳ ಮನೆಗೆ ಚಹಾ ಕುಡಿಯಲು ಹೋದಾಗ ಅವಳು ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ‘ತಮ್ಮ, ಅವ್ವಗ ಮೊದಲ ಯಾವ ಕೈ ನಡಗತಿತ್ತು, ಬಲಗೈಯೋ ಎಡಗೈಯೋ?’ ಎಂದು ಕೇಳಿದಳು.

ಬಿಲ್ಲೆ ಜೇಬಿನಲ್ಲೇ ಇತ್ತು. ‘ನೆನಪಿಲ್ಲಕ್ಕ’ ಅಂದೆ.

ಭಾನುವಾರ ಅವಳು ಮಕ್ತಲ್‌ಗೆ ಬರಲಿಲ್ಲ. ನನ್ನ ಒಳ್ಳೆಯ ಛರ್ರಾದ ಉಪಾಯ ಅಲ್ಲಿಗೆ ಮುಗಿಯಿತು. ಸೋಮವಾರ ಬೆಳಿಗ್ಗೆ ಗಡ್ಡ ಕೆರೆಯುವಾಗ ಏನೋ ಕಡಿಮೆಯಾಗಿದೆ ಅನ್ನಿಸಿತು. ಎರಡು ಬಾಗಿಲು ಆಚೆಯ ಮಗ್ಗದ ಸದ್ದಿರಲಿಲ್ಲ. ಸಂತೆಗೆ ಹೋಗಿರಬೇಕು ಎಂದುಕೊಂಡು ಬಸ್ಸು ಹತ್ತಿದೆ. ಮಂಗಳವಾರವೂ ಸದ್ದಿಲ್ಲ. ಹೆಂಡತಿಯನ್ನು ಕೇಳಿದರೆ, ‘ನನ್ನೇನ ಕೇಳ್ತೀರಿ, ಎರಡ ಹೆಜ್ಜಿ ಹೋಗಿ ನೋಡ್ರಿ’ ಅಂದಳು. ಬಸ್ಸು ಬಿಟ್ಟು ಹೋದೆ.

ಮಗ್ಗ ಬರಿದಾಗಿತ್ತು. ಅಕ್ಕ ನೆಲದ ಮೇಲೆ ಕೂತು ಲಾಳಿಗಳನ್ನು ಒರೆಸಿ ಹಳೇ ಸೀರೆಯಲ್ಲಿ ಸುತ್ತುತ್ತಿದ್ದಳು. ಹಾಸು ಎಲ್ಲಿ ಎಂದು ಕೇಳಿದೆ.

‘ನಿನ್ನಿ ಕಡಿದೆ. ಸುತ್ತಿ ಸಾವಕಾರ್ರ ಮನಿಗೆ ಕಳಿಸೀನಿ’ ಅಂದಳು. ‘ಅವ್ವ ಒಂದ್ ವರ್ಷ ಮುಚ್ಚಿಟ್ಟು ನೇಯ್ದು, ಕಡೀಕ ಮಂದಿ ಕೈಲೆ ತಿಳಕೊಂಡ್ಲು. ನನಗ ಅದು ಬ್ಯಾಡ. ರೇಷ್ಮಿ ಕೆಡಸೂಕಿಂತ ಮೊದಲ ನಾನ ಇಳೀತೀನಿ. ಯಾರದರ ಮನ್ಯಾಗ ಕಂಡಕಿಗೆ ನೂಲು ಸುತ್ತಿ ಕೊಟ್ರಾತು, ಇರೂದು ಒಂದ್ ಹೊಟ್ಟಿ.’

ನೇಯುವ ಹಾಸನ್ನು ನಡುವೆ ಕಡಿಯುವುದೆಂದರೆ ನಮ್ಮಲ್ಲಿ ಉಣ್ಣುವವರ ಮುಂದಿನ ಎಲೆ ಎತ್ತಿದ ಹಾಗೆ. ಹಾಗೆ ಮಾಡಿದವರನ್ನು ನಾನು ಕಂಡಿದ್ದಿಲ್ಲ. ಕೂತು, ಜೇಬಿನಿಂದ ಪೊಟ್ಟಣ ತೆಗೆದು ಅವಳ ಮುಂದಿಟ್ಟೆ. ಎಣ್ಣೆ, ಚಮಚ, ಚಳಿ, ನಳಿಗೆ, ಎಲ್ಲ ಹೇಳಿದೆ. ಅವಳು ಬಿಲ್ಲೆಯನ್ನು ಎತ್ತಿ ಮೂಸಿದಳು.

‘ನನ್ನ ಸಮಾಧಾನಕ್ಕ ಹೇಳಾಕತ್ತಿಯೇನು?’

‘ಇಲ್ಲಕ್ಕ. ಅವ್ವನಾಣೆ.’

‘ಯಾವಾಗ ಗೊತ್ತಾತು?’

‘ಸೋಮವಾರ.’

‘ನಿನ್ನಿ?’

‘ನಿನ್ನಿ ಅಲ್ಲ. ಅದರ ಹಿಂದಿನ ಸೋಮವಾರ.’

ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳು ಬಿಲ್ಲೆಯನ್ನು ಮತ್ತೆ ಕಾಗದದಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಳು. ಕಣ್ಣು ತುಂಬಿತ್ತು, ಒರೆಸಿಕೊಳ್ಳಲಿಲ್ಲ. ‘ಎಂಟ ದಿನ’ ಅಂದಳು. ‘ನಾ ಅನ್ನ ಕಲಸೂ ಮುಂದ ಸೈತ ಕೈ ನೋಡ್ಕೊಂತ ಕುಂತೀನಿ, ನೀ ಎಂಟ ದಿನ ನನ್ನ ನೋಡ್ಕೊಂತ ಕುಂತಿ.’

ಆಮೇಲೆ ಎದ್ದು ಮುಖ ತೊಳೆದುಕೊಂಡು ಬಂದಳು. ‘ಸಾವಕಾರ್ರ ಮನಿಗೆ ಹೋಗು. ಹಾಸು ವಾಪಸ್ ತಗೊಂಬಾ. ಯಾಕಂತ ಕೇಳಿದ್ರ ಇದ್ದದ್ದ ಇದ್ದಂಗ ಹೇಳು, ಒಂದಕ್ಷರ ಮುಚ್ಚಬ್ಯಾಡ.’

ಹೇಳಿದೆ. ಸಾವಕಾರರ ಪಡಸಾಲೆಯಲ್ಲಿ ಐದಾರು ಜನ ಸೀರೆ ಮಡಚುತ್ತಿದ್ದರು. ನಾನು ತಲೆ ತಗ್ಗಿಸಿ ಮೊದಲಿನಿಂದ ಕಡೆತನಕ ಹೇಳಿ ಮುಗಿಸುವ ಹೊತ್ತಿಗೆ ಒಬ್ಬರೂ ಸೀರೆ ಮಡಚುತ್ತಿರಲಿಲ್ಲ. ಹಾಸು ವಾಪಸ್ ಸಿಕ್ಕಿತು. ಸಂಜೆಯೊಳಗೆ ಓಣಿಯಲ್ಲಿ ನನ್ನ ಹೆಸರು ‘ಕೊಬ್ಬರಿ ನೂನೆ ಗುಮಾಸ್ತಾ’ ಎಂದಾಯಿತು, ತೆಲುಗಿನಲ್ಲೇ. ಕೊಬ್ಬರಿ ಎಣ್ಣೆ ಗುಮಾಸ್ತ. ಈಗ ಹಾಲಿನವನೂ ಹಾಗೇ ಕರೆಯುತ್ತಾನೆ, ನಾನು ಓಗೊಡುತ್ತೇನೆ.

ಪುಣ್ಯಕ್ಕೆ ಅಕ್ಕ ಹಾಸು ಕಡಿದಾಗ ಹಣಿಗೆಯೊಳಗಿನ ಎಳೆಗಳ ತುದಿಯನ್ನು ಹಾಗೇ ಬಿಟ್ಟಿದ್ದಳು. ತುದಿ ಇದ್ದರೆ ಕಡಿದ ಹಾಸನ್ನು ಅದಕ್ಕೆ ಒಂದೊಂದೇ ಎಳೆಯಾಗಿ ಹೊಸೆದು ಸೇರಿಸಬಹುದು. ಕೆಚ್ಚುವುದು ಎನ್ನುತ್ತಾರೆ. ಬೆರಳಿಗೆ ಬೂದಿ ಹಚ್ಚಿಕೊಂಡು, ಹಣಿಗೆಯ ತುದಿ, ಹಾಸಿನ ತುದಿ ಜೋಡಿಸಿ, ಹೆಬ್ಬೆರಳು ತೋರುಬೆರಳ ನಡುವೆ ಒಂದು ಸಲ ತಿರುವಿ, ಒಂದು ಸಲ ಮಡಚಿ ಮತ್ತೆ ತಿರುವಬೇಕು. ಸಾವಿರಾರು ಎಳೆ. ‘ಕೂಡು’ ಎಂದು ಎದುರಿನ ಜಾಗ ತೋರಿಸಿದಳು. ‘ಅರ್ಧಾ ನೀ ಕೆಚ್ಚಬೇಕು.’ ಶಾಲೆಗೆ ಹೋಗುವ ಮೊದಲು ಕಲಿತ ಕೆಲಸ, ಬಿಟ್ಟು ಮೂವತ್ತು ವರ್ಷದ ಮೇಲಾಗಿತ್ತು. ಕಚೇರಿಗೆ ರಜೆ ಹಾಕಿ ಕೂತೆ.

ಅವಳು ಶುರು ಮಾಡಿದಳು. ಮೊದಲ ಹತ್ತು ಎಳೆಗಳನ್ನು ಉಸಿರು ಬಿಗಿಹಿಡಿದು ಹೊಸೆದಳು, ಪ್ರತಿಯೊಂದನ್ನೂ ಎಳೆದು ನೋಡಿದಳು. ಒಂದೂ ಬಿಡಲಿಲ್ಲ. ಮುಂದಿನ ಹತ್ತಕ್ಕೆ ಕೈ ನೋಡುವುದನ್ನು ಬಿಟ್ಟಳು. ಮಧ್ಯಾಹ್ನದ ಹೊತ್ತಿಗೆ ಅವಳ ಬೆರಳುಗಳು ತಮ್ಮ ಪಾಡಿಗೆ ಓಡುತ್ತಿದ್ದವು, ನೋಡುವುದೇ ಒಂದು ಸುಖ. ಎಂಟು ದಿನದ ನಂತರ ನನಗೆ ಸರಿಯಾಗಿ ಉಸಿರು ಬಂತು. ಇನ್ನು ಏನೂ ಆಗುವುದಿಲ್ಲ, ಅವಳ ಕೈ ಅವಳಿಗೆ ಸಿಕ್ಕಿತು ಎಂದುಕೊಂಡೆ.

ನನ್ನ ಕಡೆ ಅಷ್ಟು ಸುಸೂತ್ರವಿರಲಿಲ್ಲ. ಎಳೆ ಜಾರುತ್ತಿತ್ತು. ಬೂದಿ ಸಣ್ಣಗಿಲ್ಲ ಅಂದೆ. ಅವಳು ಜರಡಿ ಹಿಡಿದ ಬೂದಿ ಕೊಟ್ಟಳು. ಬೆಳಕು ಸಾಲದು ಅಂದೆ. ಕಿಟಕಿ ಪೂರ್ತಿ ತೆರೆದಳು. ಹೊಸೆಯಲು ಹೋದರೆ ಎರಡು ತುದಿಗಳೂ ಒಂದಕ್ಕೊಂದು ಸಿಗದೆ ಅತ್ತಿತ್ತ ಹೋಗುತ್ತಿದ್ದವು. ‘ಈ ನೂಲ ಸರಿಯಿಲ್ಲ, ಸಾವಕಾರ್ರು ಮೋಸ ಮಾಡ್ಯಾರ’ ಅಂದೆ.

ಅವಳು ಕೆಲಸ ನಿಲ್ಲಿಸಿದಳು. ನೂಲನ್ನು ನೋಡಲಿಲ್ಲ. ನನ್ನ ಮಣಿಕಟ್ಟು ಹಿಡಿದು, ಕೈಯನ್ನು ತನ್ನ ಕಡೆ ಎಳೆದುಕೊಂಡು, ಬೂದಿ ಒರೆಸಿ, ತನ್ನ ಅಂಗೈ ಮೇಲೆ ಇಟ್ಟುಕೊಂಡಳು. ಕೆಳಗೆ ಅವಳ ಅಂಗೈ ಅಲುಗದೆ ಇತ್ತು. ಮೇಲೆ ನನ್ನ ಬೆರಳುಗಳು ಅದುರುತ್ತಿದ್ದವು. ನಾನು ಎಳೆದುಕೊಳ್ಳಲು ನೋಡಿದೆ, ಅವಳು ಬಿಡಲಿಲ್ಲ.

‘ಯಾವಾಗಿಂದ?’ ಅಂದಳು.

ಚಳಿ ಅನ್ನಬಹುದಿತ್ತು. ಹೊಟ್ಟೆಯಲ್ಲಿ ಹಸಿವು ಅನ್ನಬಹುದಿತ್ತು. ಕಾರಣ ಹುಡುಕುವುದರಲ್ಲಿ ನನ್ನನ್ನು ಮೀರಿಸಿದವರು ಮೂರೂ ಊರಲ್ಲಿಲ್ಲ.

‘ಹೋದ ಬ್ಯಾಸಗಿಯಿಂದ, ಅಕ್ಕ’ ಅಂದೆ. ‘ತಕ್ಕಡಿ ತಗೊಳ್ಳೂಕಿಂತ ಮೊದಲಿಂದ.’